ನೀಲಿ ಬೆಳಕು ಕಂಡರೆ ಸಾಲದು: ಕಟ್ಟಡದ ಗಾಳಿ ವ್ಯವಸ್ಥೆಯ ಯುವಿ ದೀಪಗಳ ದೋಷ ನಿವಾರಣೆ ಕೈಪಿಡಿ

ದೊಡ್ಡ ಕಟ್ಟಡಗಳಲ್ಲಿ ಗಾಳಿಯನ್ನು ಸೋಸಿ, ತಂಪು ಮಾಡಿ, ಡಕ್ಟುಗಳಿಗೆ ನೂಕುವ ಪೆಟ್ಟಿಗೆಗೆ ಏರ್ ಹ್ಯಾಂಡ್ಲಿಂಗ್ ಯೂನಿಟ್ ಎಂದು ಹೆಸರು. ಕೆಲಸ ಮಾಡುವವರ ಬಾಯಲ್ಲಿ ಅದು ಎ.ಎಚ್.ಯು. ಅದರೊಳಗಿನ ಕೂಲಿಂಗ್ ಕಾಯಿಲ್, ಎಂದರೆ ಗಾಳಿಯನ್ನು ತಂಪು ಮಾಡುವ, ಲೋಹದ ರೆಕ್ಕೆಗಳಿರುವ ಕೊಳವೆಗಳ ಜಾಲ, ಸದಾ ಒದ್ದೆಯಾಗಿರುತ್ತದೆ, ಕೆಳಗಿನ ಡ್ರೇನ್ ಪ್ಯಾನಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ, ಸುತ್ತಲೂ ಕತ್ತಲೆ, ತಿನ್ನಲು ಫಿಲ್ಟರ್ ದಾಟಿ ಬಂದ ನವಿರಾದ ಧೂಳು. ಬ್ಯಾಕ್ಟೀರಿಯಾಕ್ಕೂ ಬೂಷ್ಟಿಗೂ ಇಷ್ಟು ಅನುಕೂಲ ಸಾಕು. ಈ ಜಾಗದ ಮೇಲೆ ಹಗಲಿರುಳು ಯುವಿ-ಸಿ ಎಂಬ, ಸೂಕ್ಷ್ಮಜೀವಿಗಳನ್ನು ಕೆಡಿಸುವ ಅತಿನೇರಳೆ ಕಿರಣ ಬೀಳುವಂತೆ ದೀಪಗಳನ್ನು ಕೂರಿಸುವ ವಿಧಾನ ಹೊಸದೇನಲ್ಲ, ಪರೀಕ್ಷೆಗೆ ಒಳಪಡದ್ದೂ ಅಲ್ಲ. ಮಾಂಟ್ರಿಯಲ್‌ನ ಮೂರು ಕಚೇರಿ ಕಟ್ಟಡಗಳಲ್ಲಿ ದೀಪಗಳನ್ನು ಸರದಿಯಂತೆ ಆರಿಸಿ, ಹೊತ್ತಿಸಿ ನಡೆಸಿದ ಅಧ್ಯಯನವೊಂದು 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿರಣ ಬಿದ್ದ ಮೇಲ್ಮೈಗಳ ಸೂಕ್ಷ್ಮಜೀವಿ ಮಾಲಿನ್ಯ ಅದರಲ್ಲಿ ಶೇಕಡಾ 99ರಷ್ಟು ಇಳಿದಿತ್ತು. ಇಳಿದದ್ದು ಮೇಲ್ಮೈಗಳ ಮೇಲೆ ಎಂಬ ಮಾತನ್ನು ಇಲ್ಲೇ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಅರ್ಧ ದೂರುಗಳ ಮೂಲ ಅಲ್ಲಿದೆ.

ಉಳಿದರ್ಧದ ಮೂಲ ಇನ್ನೊಂದು ತಪ್ಪು ತಿಳಿವಳಿಕೆ. ದೀಪ ಉರಿಯುತ್ತಿದೆ ಎಂಬುದೂ ದೀಪ ಕೆಲಸ ಮಾಡುತ್ತಿದೆ ಎಂಬುದೂ ಒಂದೇ ಎಂದು ಎಲ್ಲರೂ ಭಾವಿಸುತ್ತಾರೆ. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಕೆಡಿಸಿ, ಅದು ಮತ್ತೆ ಎರಡಾಗದಂತೆ ಮಾಡುವ ಕಿರಣದ ತರಂಗದೂರ 253.7 ನ್ಯಾನೊಮೀಟರ್, ಅದು ಮನುಷ್ಯರ ಕಣ್ಣಿಗೆ ಕಾಣುವುದೇ ಇಲ್ಲ. ನಮಗೆ ಕಾಣುವ ತಿಳಿನೀಲಿ ಹೊಳಪು ದೀಪದೊಳಗಿನ ಪಾದರಸದ ಆವಿ ಆ ಕಿರಣದ ಜೊತೆಗೆ ಹೊಮ್ಮಿಸುವ ಗೋಚರ ಬೆಳಕು. ಕಾಣದ ಕಿರಣ ಅರ್ಧಕ್ಕೆ ಇಳಿದ ಮೇಲೂ ಕಾಣುವ ನೀಲಿ ಚೆನ್ನಾಗಿಯೇ ಇರಬಹುದು. ಆದ್ದರಿಂದ ಈ ಕೈಪಿಡಿಯಲ್ಲಿ ದೀಪದ ಹೊಳಪನ್ನು ಎಲ್ಲಿಯೂ ಸಾಕ್ಷಿಯಾಗಿ ಒಪ್ಪಿಕೊಂಡಿಲ್ಲ.

ಬಾಗಿಲು ತೆರೆಯುವ ಮೊದಲು

ರಕ್ಷಣೆಯಿಲ್ಲದ ಕಣ್ಣು ಮತ್ತು ಚರ್ಮದ ಮೇಲೆ 254 ನ್ಯಾನೊಮೀಟರ್ ಕಿರಣ ಎಂಟು ಗಂಟೆಗಳ ಅವಧಿಯಲ್ಲಿ ಒಟ್ಟು ಎಷ್ಟು ಬೀಳಬಹುದು ಎಂಬುದಕ್ಕೆ, ಅಯಾನೀಕರಿಸದ ವಿಕಿರಣಗಳಿಂದ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು ಚದರ ಸೆಂಟಿಮೀಟರಿಗೆ 6 ಮಿಲಿಜೂಲ್ ಎಂಬ ಮಿತಿಯನ್ನು ಹೇಳಿದೆ. ಕಾಯಿಲ್ ಮೇಲೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ತೀವ್ರತೆ ಚದರ ಸೆಂಟಿಮೀಟರಿಗೆ 50ರಿಂದ 100 ಮೈಕ್ರೊವಾಟ್. ನೂರರ ಲೆಕ್ಕ ಹಿಡಿದರೆ ಇಡೀ ದಿನದ ಮಿತಿ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ದೀಪದ ಪಕ್ಕದಲ್ಲೇ ನಿಂತರೆ ಕೆಲವು ಸೆಕೆಂಡುಗಳಲ್ಲಿ. ಆ ಹೊತ್ತಿನಲ್ಲಿ ನೋವು, ಬಿಸಿ, ಉರಿ ಯಾವುದೂ ಗೊತ್ತಾಗುವುದಿಲ್ಲ ಎಂಬುದೇ ಇದರ ಅಪಾಯ.

ಆದ್ದರಿಂದ ಬಾಗಿಲಿನ ಸ್ವಿಚ್ ದೀಪವನ್ನು ತಾನಾಗಿ ಆರಿಸುತ್ತದೆ ಎಂಬ ನಂಬಿಕೆಯ ಮೇಲೆ ಯಾರೂ ಬಾಗಿಲು ತೆರೆಯಬಾರದು. ಯುವಿ ದೀಪಗಳ ವಿದ್ಯುತ್ ಸರಬರಾಜನ್ನೂ ಗಾಳಿ ನೂಕುವ ಫ್ಯಾನಾದ ಬ್ಲೋವರಿನ ಸರಬರಾಜನ್ನೂ ಮುಖ್ಯ ಸ್ವಿಚ್ಚಿನಲ್ಲೇ ಕಡಿದು, ಬೀಗ ಹಾಕಿ, ಕೀಲಿಯನ್ನು ಒಳಗೆ ಕೈ ಹಾಕುವವರೇ ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬಾಗಿಲು ತೆರೆದಿಟ್ಟುಕೊಂಡು ದೀಪ ನೋಡುವ ಅನುಕೂಲಕ್ಕಾಗಿ ಸ್ವಿಚ್ಚಿಗೆ ಟೇಪ್ ಸುತ್ತಿ ಒತ್ತಿಟ್ಟಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಅಂಥ ಟೇಪ್ ಕಂಡರೆ ಬೇರೆ ಪರೀಕ್ಷೆಗಳನ್ನು ಬದಿಗಿಟ್ಟು ಮೊದಲು ಅದನ್ನು ಕಿತ್ತುಹಾಕಿ.

ದೀಪ ಉರಿಯುವುದನ್ನು ನೋಡಲೇಬೇಕಾದರೆ ಗಾಜಿನ ಇಣುಕುಕಿಂಡಿಯ ಮೂಲಕ ನೋಡಿ. ಮಾಮೂಲಿ ಕಿಟಕಿ ಗಾಜು, ಅಕ್ರಿಲಿಕ್, ಪಾಲಿಕಾರ್ಬೊನೇಟ್ ಇವೆಲ್ಲ ನೀಲಿಯನ್ನು ಬಿಟ್ಟು 254 ನ್ಯಾನೊಮೀಟರ್ ಕಿರಣವನ್ನು ತಡೆಯುತ್ತವೆ.

ದೀಪ ಹತ್ತುತ್ತಲೇ ಇಲ್ಲ

ಮೊದಲು ಬಾಗಿಲನ್ನೇ ಒತ್ತಿ ನೋಡಿ. ಬಾಗಿಲಂಚಿನ ಸಂದಿ ಮುಚ್ಚುವ ಪಟ್ಟಿಯಾದ ಗ್ಯಾಸ್ಕೆಟ್ ಉಬ್ಬಿಯೋ ಹಿಡಿಕೆ ಸಡಿಲವಾಗಿಯೋ ಬಾಗಿಲು ಎರಡು ಮಿಲಿಮೀಟರ್ ತೆರೆದುಕೊಂಡಿದ್ದರೂ ಸುರಕ್ಷತಾ ಸ್ವಿಚ್ ಕೂಡುವುದಿಲ್ಲ, ದೀಪ ಹತ್ತುವುದಿಲ್ಲ. ಇದಕ್ಕೆ ಖರ್ಚೂ ಇಲ್ಲ, ಸಲಕರಣೆಯೂ ಬೇಡ; ಆದರೂ ದೀಪದ ಕರೆಂಟನ್ನು ಹದದಲ್ಲಿಡುವ ಬ್ಯಾಲಸ್ಟ್ ಎಂಬ ಉಪಕರಣವನ್ನು ಬದಲಿಸಿದ ಮೇಲೆ ಇದು ಹೊಳೆಯುವುದೇ ಹೆಚ್ಚು. ಬಳಿಕ ಎಂಸಿಬಿ ಬಿದ್ದಿದೆಯೇ, ಟೈಮರ್ ಆರಿದ ಸ್ಥಿತಿಯಲ್ಲಿದೆಯೇ, ಬ್ಲೋವರ್ ಓಡಿದಾಗ ಮಾತ್ರ ದೀಪ ಉರಿಯುವಂತೆ ಜೋಡಣೆ ಮಾಡಿದ್ದಾರೆಯೇ ಎಂದು ನೋಡಬೇಕು.

ಸಾಲಿನ ದೀಪಗಳೆಲ್ಲ ಒಟ್ಟಿಗೆ ಆರಿದ್ದರೆ ತೊಂದರೆ ಸರಬರಾಜಿನಲ್ಲಿದೆ. ಒಂದೇ ಆರಿದ್ದರೆ ಆ ದೀಪದಲ್ಲೋ, ಅದರ ಹೋಲ್ಡರಿನಲ್ಲೋ, ಅದರ ಬ್ಯಾಲಸ್ಟಿನಲ್ಲೋ ಇದೆ. ಮೂರರಲ್ಲಿ ಯಾವುದು ಎಂದು ತಿಳಿಯಲು ಹೊಸದು ತರಿಸುವ ಅಗತ್ಯವಿಲ್ಲ. ಸರಬರಾಜು ಕಡಿದು, ಪಕ್ಕದಲ್ಲಿ ಚೆನ್ನಾಗಿ ಉರಿಯುತ್ತಿರುವ ಅದೇ ಮಾದರಿಯ ದೀಪದೊಂದಿಗೆ ಅದಲು ಬದಲು ಮಾಡಿ. ದೋಷ ದೀಪದ ಜೊತೆಗೆ ಹೊಸ ಜಾಗಕ್ಕೆ ಹೋದರೆ ದೀಪ ಸತ್ತಿದೆ. ಹಳೆಯ ಜಾಗದಲ್ಲೇ ಉಳಿದರೆ ಹೋಲ್ಡರ್ ಅಥವಾ ಬ್ಯಾಲಸ್ಟ್ ಕೆಟ್ಟಿದೆ. ಹೋಲ್ಡರಿನ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಪಿನ್ನುಗಳ ಸುತ್ತ ಹಸಿರು ಕಿಲುಬು ಕಂಡರೆ ಕಾಯಿಲ್‌ನಿಂದ ಚಿಮ್ಮಿದ ತೇವ ಅಲ್ಲಿಯವರೆಗೆ ತಲುಪಿದೆ ಎಂದು ಅರ್ಥ. ಕಿಲುಬನ್ನು ಉಜ್ಜಿದರೆ ಕೆಲವು ವಾರ ನಡೆಯುತ್ತದೆ, ಅಷ್ಟೆ. ತೇವ ತಡೆಯುವ ಮುಚ್ಚಿಗೆಯುಳ್ಳ ಹೋಲ್ಡರ್ ಹಾಕುವುದೇ ಸರಿಯಾದ ದಾರಿ.

ಅರ್ಥ್ ಲೀಕೇಜ್ ಬ್ರೇಕರ್ ಮತ್ತೆ ಮತ್ತೆ ಬೀಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ನೀರಿರುವ ಲೋಹದ ಪೆಟ್ಟಿಗೆಯೊಳಗೆ ಕರೆಂಟ್ ಸೋರುತ್ತಿರುವ ಸೂಚನೆ ಅದು. ಮುಂದಿನದು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೆಲಸ.

ದೀಪ ಮಿನುಗುತ್ತದೆ, ತುದಿ ಕಪ್ಪಾಗುತ್ತದೆ, ಬೇಗ ಬೇಗ ಸಾಯುತ್ತದೆ

ವರ್ಷದ ಕೊನೆಗೆ ತುದಿಗಳಲ್ಲಿ ಕಪ್ಪು ಉಂಗುರ ಕಾಣುವುದು ವಯಸ್ಸಿನ ಗುರುತು. ಅದೇ ಉಂಗುರ ಒಂದೆರಡು ತಿಂಗಳಲ್ಲಿ ಕಂಡರೆ ಎರಡು ಅನುಮಾನಗಳಿವೆ. ಮೊದಲನೆಯದು, ದೀಪವನ್ನು ದಿನಕ್ಕೆ ಹಲವು ಬಾರಿ ಆರಿಸಿ ಹೊತ್ತಿಸುತ್ತಿರುವುದು. ಪ್ರತಿ ಬಾರಿ ಹತ್ತುವಾಗಲೂ ತುದಿಯ ತಂತುಗಳ ಲೇಪ ಒಂದಿಷ್ಟು ಉದುರುತ್ತದೆ. ವಿದ್ಯುತ್ ಉಳಿಸಲು ಅಳವಡಿಸಿದ ಟೈಮರ್ ದೀಪದ ಆಯುಷ್ಯವನ್ನು ತಿನ್ನುತ್ತಿರುತ್ತದೆ. ಎರಡನೆಯದು, ದೀಪಕ್ಕೂ ಬ್ಯಾಲಸ್ಟಿಗೂ ಹೊಂದಿಕೆ ಇಲ್ಲದಿರುವುದು. ಉದ್ದವೂ ಪಿನ್ನೂ ಒಂದೇ ಇದ್ದ ಮಾತ್ರಕ್ಕೆ ಕರೆಂಟೂ ಒಂದೇ ಎಂದಲ್ಲ. ದೀಪದ ಮೇಲೆ ಅಚ್ಚಾದ ಮಾದರಿ ಸಂಖ್ಯೆ ಬ್ಯಾಲಸ್ಟಿನ ಪಟ್ಟಿಯಲ್ಲಿ ಇದೆಯೇ ಎಂದು ಓದಿ ನೋಡಬೇಕು. ಹೊಸ ದೀಪವೂ ಮಿನುಗಿದರೆ ಬ್ಯಾಲಸ್ಟ್ ಬದಲಿಸಿ.

ದೀಪ ನೀಲಿಯಾಗಿ ಉರಿಯುತ್ತಿದೆ, ಕಾಯಿಲ್ ಮೇಲಿನ ಲೋಳೆ ಹಾಗೆಯೇ ಇದೆ

ಅತಿ ಹೆಚ್ಚು ಬರುವ ದೂರು ಇದು. ಅತಿ ಹೆಚ್ಚು ಕಾರಣಗಳು ಇರುವುದೂ ಇದಕ್ಕೇ. ಅಗ್ಗದ ಕಾರಣಗಳಿಂದಲೇ ಹೊರಡೋಣ.

ಎಷ್ಟು ದಿನವಾಯಿತು ಎಂಬುದು ಮೊದಲ ಪ್ರಶ್ನೆ. ವರ್ಷಗಟ್ಟಲೆ ಕಟ್ಟಿದ ಕೊಳೆ ಕಾಯಿಲ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಹೊದ್ದಿದ್ದರೆ ಯುವಿ ಅದರ ಮೇಲ್ಪದರವನ್ನು ಮಾತ್ರ ಮುಟ್ಟುತ್ತದೆ. ಯುವಿ ಪೊರಕೆಯಲ್ಲ. ಕಾಯಿಲನ್ನು ಮೊದಲು ತೊಳೆದು, ಮತ್ತೆ ಕಟ್ಟದಂತೆ ನೋಡಿಕೊಳ್ಳುವ ಕೆಲಸವನ್ನು ದೀಪಕ್ಕೆ ಒಪ್ಪಿಸಬೇಕು. ಕೊಳೆ ತೆಳುವಾಗಿದ್ದರೆ ತೊಳೆಯದೆಯೂ ಕೆಲವು ವಾರಗಳಲ್ಲಿ ಅದು ಸಡಿಲವಾಗಿ ಪ್ಯಾನಿಗೆ ಇಳಿಯುತ್ತದೆ. ಆ ದಿನಗಳಲ್ಲಿ ಡ್ರೇನಿನಿಂದ ಬರುವ ಕಂದು ನೀರನ್ನು ಕಂಡು ಗಾಬರಿಯಾಗಬೇಕಿಲ್ಲ, ಅದು ಒಳ್ಳೆಯ ಗುರುತೇ. ಆದರೆ ಉದುರಿದ ಚಕ್ಕೆಗಳು ಡ್ರೇನ್ ಪೈಪಿನ ಬಾಯಿ ಮುಚ್ಚಿ ಪ್ಯಾನ್ ತುಂಬಿ ಹರಿಯದಂತೆ ವಾರಕ್ಕೊಮ್ಮೆಯಾದರೂ ನೋಡುತ್ತಿರಬೇಕು.

ಎರಡನೆಯದು ದೀಪದ ಮೇಲಿನ ಧೂಳು. ಸರಬರಾಜು ಕಡಿದು, ದೀಪ ಆರಿದ ಮೇಲೆ, ಕೈಗವಸು ತೊಟ್ಟು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಒರೆಸಿ, ಬಟ್ಟೆಯನ್ನು ಬಿಡಿಸಿ ನೋಡಿ. ಬಟ್ಟೆ ಬೂದಿಬಣ್ಣಕ್ಕೆ ತಿರುಗಿದ್ದರೆ ದೀಪಕ್ಕಿಂತ ಹಿಂದಿನ ಫಿಲ್ಟರನ್ನು ಅನುಮಾನಿಸಬೇಕು: ಅದು ಹರಿದಿದೆ, ಇಲ್ಲವೇ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯಿಂದ ಗಾಳಿ ನುಸುಳುತ್ತಿದೆ. ಬರಿಗೈಯಲ್ಲಿ ಹಿಡಿದು ಕೂರಿಸಿದ ದೀಪವನ್ನು ಓರೆ ಬೆಳಕಿನಲ್ಲಿ ನೋಡಿದರೆ ಹೆಬ್ಬೆರಳಿನ ಗೆರೆಗಳು ಗಾಜಿನ ಮೇಲೆ ಕಂದಾಗಿ ಕೂತಿರುತ್ತವೆ. ಕೈಯ ಜಿಡ್ಡು ಯುವಿಯನ್ನು ಹೀರಿ ಅಲ್ಲೇ ಸುಟ್ಟು ಅಂಟಿಕೊಂಡ ಗುರುತು ಅದು. ಆ ಜಾಗದಿಂದ ಕಿರಣ ಹೊರಬೀಳುವುದು ಕಡಿಮೆ.

ಮೂರನೆಯದು ವಯಸ್ಸು. ಈ ದೀಪಗಳನ್ನು ಸಾಮಾನ್ಯವಾಗಿ ಸುಮಾರು 9,000 ಗಂಟೆಗಳ ಬಳಕೆಗೆ ಲೆಕ್ಕ ಹಾಕುತ್ತಾರೆ. ನಿಲ್ಲದೆ ಉರಿದರೆ ವರ್ಷಕ್ಕೆ 8,760 ಗಂಟೆ. ಪಾದರಸ ಗಾಜಿನ ಒಳಗೋಡೆಗೆ ಇಳಿದು, ಗಾಜೇ ಯುವಿಗೆ ಮಬ್ಬಾಗುತ್ತಾ ಹೋಗುವುದರಿಂದ ಅವಧಿ ಮುಗಿದ ದೀಪ ಇನ್ನೂ ಬಹುಕಾಲ ನೀಲಿಯಾಗಿ ಉರಿಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಒಂದು ಕಚೇರಿ ಕಟ್ಟಡದಲ್ಲಿ ನಿರ್ವಹಣೆಯವರು ಇಣುಕುಕಿಂಡಿಯಲ್ಲಿ ನೀಲಿ ಕಂಡದ್ದನ್ನೇ ಪ್ರತಿದಿನ ಪುಸ್ತಕದಲ್ಲಿ ‘ಸರಿ ಇದೆ’ ಎಂದು ಬರೆಯುತ್ತಾ ಬಂದಿದ್ದರು. ದೀಪ ಹಾಕಿದ ದಿನಾಂಕವನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ದೀಪದ ಲೋಹದ ತುದಿಯ ಮೇಲೆ ಅಳಿಸದ ಶಾಯಿಯಲ್ಲಿ ಹಾಕಿದ ತಿಂಗಳು, ವರ್ಷ ಬರೆಯುವುದಕ್ಕೆ ಹತ್ತು ಸೆಕೆಂಡು ಸಾಕು.

ನಾಲ್ಕನೆಯದು ತಪ್ಪು ದೀಪ. ಕೀಟಗಳನ್ನು ಸೆಳೆಯುವ ಯಂತ್ರಗಳಲ್ಲಿ, ನೋಟು ಪರೀಕ್ಷಿಸುವ ಪೆಟ್ಟಿಗೆಗಳಲ್ಲಿ ಇರುವ ಯುವಿ-ಎ ದೀಪವೂ ನೀಲಿಯಾಗಿಯೇ ಹೊಳೆಯುತ್ತದೆ. ಅದು ಹೋಲ್ಡರಿನಲ್ಲಿ ಸಲೀಸಾಗಿ ಕೂರಬಹುದು, ಆದರೆ ಅದರ ತರಂಗದೂರ 365 ನ್ಯಾನೊಮೀಟರ್ ಆಸುಪಾಸಿನದು. ಬ್ಯಾಕ್ಟೀರಿಯಾದ ಡಿಎನ್‌ಎ ಅದನ್ನು ಬಹುತೇಕ ಹೀರಿಕೊಳ್ಳುವುದೇ ಇಲ್ಲ. ದೀಪದ ಮೇಲೆ ಯುವಿ-ಸಿ ಅಥವಾ 254 ಎಂದು ಅಚ್ಚಾಗಿದೆಯೇ ನೋಡಿ. ರೋಗಾಣು ನಾಶಕ ದೀಪದ ಗಾಜು ನೀರಿನಷ್ಟು ತಿಳಿಯಾಗಿದ್ದು ಒಳಗಿನ ತಂತು ಕಾಣುತ್ತದೆ. ಒಳಗೆ ಬಿಳಿ ಲೇಪವಿದ್ದರೆ, ಅಥವಾ ಗಾಜೇ ಕಡುನೇರಳೆಯಾಗಿದ್ದರೆ, ದೀಪ ತಪ್ಪಾಗಿದೆ.

ಇಷ್ಟೆಲ್ಲ ಸರಿಯಿದ್ದರೆ ಅನುಮಾನ ಚಳಿಯ ಕಡೆಗೆ ತಿರುಗಬೇಕು. ಪಾದರಸದ ಆವಿ ಹೆಚ್ಚು ಯುವಿ ಕೊಡುವುದು ದೀಪದ ಗೋಡೆಯ ಅತಿ ತಂಪಾದ ಬಿಂದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಇದ್ದಾಗ. ಕಾಯಿಲ್ ದಾಟಿ ಬರುವ ಗಾಳಿ 12-13 ಡಿಗ್ರಿಯದು, ಸೆಕೆಂಡಿಗೆ ಸುಮಾರು 2.5 ಮೀಟರ್ ವೇಗದಲ್ಲಿ ದೀಪದ ಮೈ ಸವರುತ್ತಾ ಹೋಗುತ್ತದೆ. ನಿಂತ ಗಾಳಿಯ ಕೋಣೆಗೆಂದು ಮಾಡಿದ ಮಾಮೂಲಿ ದೀಪ ಇಲ್ಲಿ ತಣ್ಣಗಾಗಿ, ಅದರ ಯುವಿ ಅರ್ಧಕ್ಕಿಂತ ಕೆಳಗೂ ಇಳಿಯಬಹುದು. ಮೇಜಿನ ಮೇಲೆ ಅಳೆದಾಗ ಸರಿಯಿದ್ದ ದೀಪ ಪೆಟ್ಟಿಗೆಯೊಳಗೆ ಸೋಲುವ ಗುಟ್ಟು ಇದು. ತಂಪು ಗಾಳಿಯ ಹರಿವಿಗೆಂದೇ ರೂಪಿಸಿದ ದೀಪ ಹಾಕದೆ ಇದಕ್ಕೆ ಪರಿಹಾರವಿಲ್ಲ.

ಕೊನೆಯ ಹೆಜ್ಜೆ ಅಳತೆ. 254 ನ್ಯಾನೊಮೀಟರಿಗೆ ಹೊಂದಿಸಿದ, ಅವಧಿ ಮೀರದ ಕ್ಯಾಲಿಬ್ರೇಶನ್ ಇರುವ ಯುವಿ ಮೀಟರ್ ಬೇಕು. ಅದರ ಸಂವೇದಕವನ್ನು ಕಾಯಿಲ್ ಮೇಲೆ, ದೀಪದಿಂದ ಅತಿ ದೂರದ ಮೂಲೆಯಲ್ಲಿ ಕಟ್ಟಿ, ತಂತಿಯನ್ನು ಹೊರಗೆ ತಂದು, ಬಾಗಿಲು ಮುಚ್ಚಿ, ಬ್ಲೋವರ್ ಓಡಿಸಿ, ದೀಪ ಸ್ಥಿರವಾಗಲು ಹತ್ತು ಹದಿನೈದು ನಿಮಿಷ ಬಿಟ್ಟು ಓದಬೇಕು. ಗಾಳಿ ನಿಂತಾಗ ಬಂದ ಅಂಕಿಗೆ ಬೆಲೆಯಿಲ್ಲ. ಇಣುಕುಕಿಂಡಿಯ ಗಾಜಿನ ಹೊರಗೆ ಮೀಟರ್ ಹಿಡಿದು, ಸೊನ್ನೆ ತೋರಿಸಿತೆಂದು ಒಳ್ಳೆಯ ದೀಪಗಳನ್ನೆಲ್ಲ ಎಸೆದವರೂ ಇದ್ದಾರೆ. ಅವರು ಅಳೆದದ್ದು ಗಾಜಿನ ಗುಣವನ್ನು. ನಡುವೆ ತೀವ್ರತೆ ಸಾಕಷ್ಟಿದ್ದು ಮೂಲೆಗಳಲ್ಲಿ ಮಾತ್ರ ಕಡಿಮೆಯಿದ್ದರೆ ದೀಪಗಳ ಸಂಖ್ಯೆ ಅಥವಾ ಅಂತರ ತಪ್ಪಿದೆ. ಸಾಮಾನ್ಯವಾಗಿ ದೀಪಗಳನ್ನು ಕಾಯಿಲ್‌ನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ, ಗಾಳಿ ಹೊರಬರುವ ಬದಿಯಲ್ಲಿ ಕೂರಿಸುತ್ತಾರೆ, ಏಕೆಂದರೆ ಹೆಚ್ಚು ಒದ್ದೆಯಿರುವುದು ಆ ಬದಿ, ಪ್ಯಾನ್ ಇರುವುದೂ ಅಲ್ಲೇ. ವಿನ್ಯಾಸವನ್ನೇ ತಿದ್ದಬೇಕಾದ ಹಂತ ಬಂದರೆ ಅಳತೆಗಳನ್ನು ಬರೆದಿಟ್ಟುಕೊಂಡು ವ್ಯವಸ್ಥೆಯ ಇಂಜಿನಿಯರನ್ನು ಕರೆಯಬೇಕು.

ಯುವಿ ಮೀಟರ್ ಇಲ್ಲದವರಿಗೂ ಒಂದು ದಾರಿಯಿದೆ. ಕಾಯಿಲ್‌ನ ಎರಡೂ ಬದಿಗಳ ನಡುವಿನ ಒತ್ತಡದ ವ್ಯತ್ಯಾಸವನ್ನು ಮಾನೊಮೀಟರಿನಲ್ಲಿ ವಾರಕ್ಕೊಮ್ಮೆ, ಬ್ಲೋವರಿನ ವೇಗ ಒಂದೇ ಇರುವಾಗ, ಕಾಯಿಲ್ ಒದ್ದೆಯಾಗಿರುವಾಗಲೇ ಓದಿ ಬರೆದಿಡಿ. ರೆಕ್ಕೆಗಳ ನಡುವಿನ ಲೋಳೆ ಕರಗುತ್ತಿದ್ದರೆ ಆ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತದೆ. ನನಗೆ ಕೇಳಿದರೆ ನಂಬಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗಾಳಿಯಲ್ಲಿ ಮುಗ್ಗಲು ವಾಸನೆ, ಅಥವಾ ಚರಂಡಿಯ ವಾಸನೆ

ವಾಸನೆ ಬಂದ ಕೂಡಲೇ ಯುವಿ ದೀಪ ಬದಲಿಸಲು ಹೊರಡುತ್ತಾರೆ. ಅದಕ್ಕೆ ಮೊದಲು ಒಂದು ಬಕೆಟ್ ನೀರು ತನ್ನಿ. ಬ್ಲೋವರ್ ಗಾಳಿಯನ್ನು ಕಾಯಿಲ್ ಮೂಲಕ ಎಳೆಯುವ ಪೆಟ್ಟಿಗೆಗಳಲ್ಲಿ ಡ್ರೇನ್ ಪ್ಯಾನಿನ ಜಾಗದ ಒತ್ತಡ ಹೊರಗಿಗಿಂತ ಕಡಿಮೆ ಇರುತ್ತದೆ. ಡ್ರೇನ್ ಪೈಪಿನ ಬಾಗಿದ ಟ್ರ್ಯಾಪಿನಲ್ಲಿ ನೀರು ಆರಿಹೋಗಿದ್ದರೆ ಬ್ಲೋವರ್ ಚರಂಡಿಯ ಗಾಳಿಯನ್ನೇ ಹೀರಿ ಕೋಣೆಗಳಿಗೆ ಹಂಚುತ್ತದೆ. ಟ್ರ್ಯಾಪಿಗೆ ನೀರು ತುಂಬಿದ ಸ್ವಲ್ಪ ಹೊತ್ತಿನಲ್ಲಿ ವಾಸನೆ ನಿಂತರೆ ದೋಷ ಸಿಕ್ಕಿತು. ಯುವಿಗೂ ಅದಕ್ಕೂ ಸಂಬಂಧವೇ ಇಲ್ಲ. ನೀರು ತುಂಬಿದರೂ ಮತ್ತೆ ಮತ್ತೆ ಎಳೆದುಹೋಗುತ್ತಿದ್ದರೆ ಟ್ರ್ಯಾಪಿನ ಆಳ ಬ್ಲೋವರಿನ ಎಳೆತಕ್ಕೆ ಸಾಲುತ್ತಿಲ್ಲ. ಪ್ಲಂಬರ್ ಅದನ್ನು ಬದಲಿಸಬೇಕು.

ಮಣ್ಣಿನ, ಹಳೆಯ ಬಟ್ಟೆಯ ಹಾಗಿನ ಮುಗ್ಗಲು ವಾಸನೆಯಾದರೆ ಪ್ಯಾನಿನಲ್ಲಿ ನೀರು ನಿಂತಿದೆಯೇ ಎಂದು ನೋಡಿ. ಪ್ಯಾನ್ ಡ್ರೇನಿನ ಕಡೆಗೆ ಇಳಿಜಾರಾಗಿರಬೇಕು. ತಿರುವು ಮುರುವಾಗಿದ್ದರೆ ಬಾಯಿಯಿಂದ ದೂರದ ಮೂಲೆಯಲ್ಲಿ ನೀರು ತಿಂಗಳುಗಟ್ಟಲೆ ಕೂತಿರುತ್ತದೆ. ಅಲ್ಲಿ ಬೆರಳು ಆಡಿಸಿದರೆ ಜಾರುವ ಪದರ ಸಿಕ್ಕಿದಲ್ಲಿ, ಪ್ಯಾನಿನ ಆ ಭಾಗ ಕಾಯಿಲ್‌ನ ಚೌಕಟ್ಟಿನ ನೆರಳಿನಲ್ಲಿದೆಯೇ ಎಂದು ಗಮನಿಸಿ. ಯುವಿ ನೇರವಾಗಿ ಹೋಗುತ್ತದೆ, ಮೂಲೆ ತಿರುಗುವುದಿಲ್ಲ. ಅಲ್ಯುಮಿನಿಯಂ ರೆಕ್ಕೆಗಳಿಂದ ಒಂದಿಷ್ಟು ಪ್ರತಿಫಲಿಸಿ ಸಂದಿಗಳಿಗೆ ಇಳಿಯುತ್ತದೆ ನಿಜ, ಆದರೆ ಲೋಹದ ಪಟ್ಟಿಯೊಂದರ ಹಿಂದೆ ಅಡಗಿದ ಲೋಳೆಗೆ ಅದು ತಲುಪುವುದಿಲ್ಲ. ಡಕ್ಟಿನ ಒಳಗೋಡೆಗೆ ಅಂಟಿಸಿದ ಇನ್ಸುಲೇಶನ್ ಒದ್ದೆಯಾಗಿದ್ದರೂ ಇದೇ ಮಾತು. ನೆನೆದ ಇನ್ಸುಲೇಶನ್ನನ್ನು ಕಿತ್ತು ಬದಲಿಸಬೇಕೇ ಹೊರತು ಅದಕ್ಕೆ ಬೆಳಕು ಹಿಡಿದು ಫಲವಿಲ್ಲ.

ಮೂಗಿಗೆ ಚುಚ್ಚುವ, ಗುಡುಗು ಮಳೆಯ ನಂತರದ ಹಾಗಿನ ವಾಸನೆ

ಇದು ಓಝೋನ್ ಇರಬಹುದು. ಪಾದರಸದ ದೀಪ 254ರ ಜೊತೆಗೆ 185 ನ್ಯಾನೊಮೀಟರ್ ಕಿರಣವನ್ನೂ ಹೊಮ್ಮಿಸುತ್ತದೆ. ಗಾಳಿಯ ಆಮ್ಲಜನಕವನ್ನು ಓಝೋನ್ ಮಾಡುವುದು ಅದು. ಕಟ್ಟಡಗಳ ಗಾಳಿ ವ್ಯವಸ್ಥೆಗೆ ಬೇಕಾದ ದೀಪಗಳ ಗಾಜು 185ನ್ನು ತಡೆದು 254ನ್ನು ಮಾತ್ರ ಬಿಡುತ್ತದೆ. ಹೊಸ ದೀಪ ಹಾಕಿದ ಬೆನ್ನಿಗೆ ಈ ವಾಸನೆ ಶುರುವಾಗಿದ್ದರೆ ಓಝೋನ್ ಮಾಡುವ ಮಾದರಿಯ ದೀಪ ತಪ್ಪಿ ಬಂದಿರುವ ಸಾಧ್ಯತೆಯೇ ಹೆಚ್ಚು. ಕೂಡಲೇ ಆರಿಸಿ, ವಾಸನೆ ಹೋಗುವುದೇ ನೋಡಿ, ದೀಪದ ಗುರುತನ್ನು ಓದಿ. ವಾಸನೆ ಅಭ್ಯಾಸವಾಯಿತು, ಈಗ ಬರುತ್ತಿಲ್ಲ ಎಂಬ ಮಾತನ್ನು ಒಪ್ಪಬೇಡಿ. ಓಝೋನಿನ ನಡುವೆ ಇದ್ದ ಮೂಗು ಬೇಗ ಮರಗಟ್ಟುತ್ತದೆ. ಯಾರಿಗಾದರೂ ಕೆಮ್ಮು, ಎದೆ ಬಿಗಿತ ಕಂಡರೆ ಅವರನ್ನು ಹೊರಗಿನ ಗಾಳಿಗೆ ಕರೆತಂದು ವೈದ್ಯರಿಗೆ ತೋರಿಸಬೇಕು.

ಸುಟ್ಟ ಪ್ಲಾಸ್ಟಿಕ್ ವಾಸನೆ ಇದಕ್ಕಿಂತ ಬೇರೆ. ಅದು ಬ್ಯಾಲಸ್ಟಿನದೋ ವೈರಿನದೋ ಆಗಿರುತ್ತದೆ. ವಿದ್ಯುತ್ ಕಡಿಯದೆ ಕಾರಣ ಹುಡುಕುವುದು ತರವಲ್ಲ.

ಫಿಲ್ಟರ್ ಪುಡಿಯಾಗುತ್ತಿದೆ, ವೈರಿನ ಹೊದಿಕೆ ಬಿರಿಯುತ್ತಿದೆ

ಬ್ಯಾಕ್ಟೀರಿಯಾವನ್ನು ಕೆಡಿಸುವ ಕಿರಣ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಸಿಂಥೆಟಿಕ್ ನೂಲಿನ ಫಿಲ್ಟರ್, ವೈರಿನ ಹೊದಿಕೆ, ಬ್ಲೋವರಿನ ಬೆಲ್ಟ್, ಪ್ಲಾಸ್ಟಿಕ್ ಪ್ಯಾನ್ ಇವು ನೇರ ಕಿರಣಕ್ಕೆ ಸಿಕ್ಕರೆ ಮೊದಲು ಹಳದಿಯಾಗುತ್ತವೆ, ಮೇಲೆ ಸುಣ್ಣದಂಥ ಪುಡಿ ಬರುತ್ತದೆ, ಆಮೇಲೆ ಬಿರಿಯುತ್ತವೆ. ಫಿಲ್ಟರಿನ ಒಂದೇ ಬದಿ ಬಣ್ಣಗೆಟ್ಟಿದ್ದರೆ ಆ ಬದಿಯಲ್ಲಿ ನಿಂತು ನೋಡಿದಾಗ ದೀಪ ಎಲ್ಲಿಂದ ಕಾಣುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ನಡುವೆ ಲೋಹದ ತಡೆಹಲಗೆ ಇಡಬೇಕು. ವೈರುಗಳನ್ನು ಲೋಹದ ಕೊಳವೆಯೊಳಗೆ ಹಾಯಿಸಿ, ಅಥವಾ ಅಲ್ಯುಮಿನಿಯಂ ಫಾಯಿಲ್ ಟೇಪ್ ಸುತ್ತಿ. ಒಳಗಿನ ತಾಮ್ರ ಕಾಣುವಷ್ಟು ಹೊದಿಕೆ ಬಿರಿದಿದ್ದರೆ ಟೇಪ್ ಸಾಲದು, ವೈರನ್ನೇ ಬದಲಿಸಬೇಕು.

ಕಾಯಿಲ್ ಸ್ವಚ್ಛವಾಗಿದೆ, ಗಾಳಿಯ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇಳಿದಿಲ್ಲ

ಇಲ್ಲಿ ಬಹಳ ಸಲ ದೋಷವಿರುವುದು ವ್ಯವಸ್ಥೆಯಲ್ಲಿ ಅಲ್ಲ, ನಿರೀಕ್ಷೆಯಲ್ಲಿ. ಯುವಿಯ ಪೆಟ್ಟು ಎಂದರೆ ತೀವ್ರತೆಯನ್ನು ಸಮಯದಿಂದ ಗುಣಿಸಿದ ಮೊತ್ತ. ಕಾಯಿಲ್ ಎಲ್ಲಿಗೂ ಹೋಗುವುದಿಲ್ಲ. 100 ಮೈಕ್ರೊವಾಟ್ ಅದರ ಮೇಲೆ ಬಿದ್ದರೆ ಗಂಟೆಗೆ ಚದರ ಸೆಂಟಿಮೀಟರಿಗೆ 360 ಮಿಲಿಜೂಲ್ ಸಿಗುತ್ತದೆ. ಸೆಕೆಂಡಿಗೆ 2.5 ಮೀಟರ್ ವೇಗದ ಗಾಳಿಯಲ್ಲಿ ತೇಲುವ ಬ್ಯಾಕ್ಟೀರಿಯಾ ಒಂದು ಮೀಟರ್ ಉದ್ದದ ಬೆಳಕಿನ ಪಟ್ಟಿಯನ್ನು 0.4 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಲ್ಲಿನ ಸರಾಸರಿ ತೀವ್ರತೆ 100ರ ಬದಲು 1,000 ಮೈಕ್ರೊವಾಟ್ ಇದ್ದರೂ ಅದಕ್ಕೆ ತಗಲುವುದು 0.4 ಮಿಲಿಜೂಲ್ ಮಾತ್ರ. ಕಾಯಿಲ್ ಕಾಯಲು ಹಾಕಿದ ನಾಲ್ಕು ದೀಪಗಳು ಹರಿಯುವ ಗಾಳಿಯನ್ನೂ ಒಂದೇ ಸುತ್ತಿನಲ್ಲಿ ಶುದ್ಧಗೊಳಿಸಬೇಕೆಂದು ಬಯಸುವುದು ನ್ಯಾಯವಲ್ಲ. ಗಾಳಿಯ ಸೋಂಕುನಾಶಕ್ಕೆ ಹೆಚ್ಚು ದೀಪ, ಉದ್ದವಾದ ಬೆಳಕಿನ ಹಾದಿ, ಪ್ರತಿಫಲಿಸುವ ಗೋಡೆಗಳು ಇರುವ ಬೇರೆಯದೇ ವಿನ್ಯಾಸ ಬೇಕು.

ಮಾದರಿ ಎಲ್ಲಿಂದ ತೆಗೆದರು ಎಂಬುದನ್ನೂ ಕೇಳಬೇಕು. ಜನರಿರುವ ಕೋಣೆಯ ಗಾಳಿಯ ಬ್ಯಾಕ್ಟೀರಿಯಾದಲ್ಲಿ ದೊಡ್ಡ ಪಾಲು ಜನರ ಚರ್ಮ, ಉಸಿರು, ಬಟ್ಟೆಗಳಿಂದಲೇ ಬಂದದ್ದು. ಇಬ್ಬರು ಎದುರುಬದುರು ಕೂತು ಮಾತಾಡುವಾಗ ಅವರ ನಡುವಿನ ಗಾಳಿ ಎ.ಎಚ್.ಯು.ಗೆ ಹೋಗಿ ಬರುವಷ್ಟು ಹೊತ್ತು ಕಾಯುವುದಿಲ್ಲ. ದೀಪದ ಗುಣ ತಿಳಿಯಬೇಕಾದರೆ ದೀಪದ ಹಿಂದೆ ಒಂದು, ಮುಂದೆ ಒಂದು ಮಾದರಿ ತೆಗೆದು ಹೋಲಿಸಬೇಕು. ಮೇಲ್ಮೈಯಿಂದ ಒರೆಸಿ ತೆಗೆದು, ಜೀವಕೋಶಗಳಲ್ಲಿರುವ ಎಟಿಪಿ ಎಂಬ ಶಕ್ತಿಯ ಅಣುವನ್ನು ಅಳೆಯುವ ಎಟಿಪಿ ಮೀಟರಿನಲ್ಲಿ ಓದುವವರಿಗೂ ಒಂದು ಮಾತು: ಯುವಿಯಿಂದ ಸಂತತಿ ಬೆಳೆಸುವ ಶಕ್ತಿ ಕಳೆದುಕೊಂಡ ಜೀವಕೋಶದಲ್ಲೂ ಕೆಲಕಾಲ ಎಟಿಪಿ ಉಳಿದಿರುತ್ತದೆ. ದೀಪ ಹಾಕಿದ ಮರುದಿನವೇ ಅಂಕಿ ಇಳಿಯಲಿಲ್ಲ ಎಂದು ತೀರ್ಮಾನಿಸದೆ ಕಲ್ಚರ್ ತಟ್ಟೆಯಲ್ಲಿ ಬೆಳೆಸಿ ನೋಡಬೇಕು. ಬೂಷ್ಟಿನ ಬೀಜಕಣಗಳು, ಅದರಲ್ಲೂ ಕಪ್ಪು ಬಣ್ಣದವು, ಮಾಮೂಲಿ ಬ್ಯಾಕ್ಟೀರಿಯಾಕ್ಕಿಂತ ಹತ್ತಾರು ಪಟ್ಟು ಹೆಚ್ಚು ಪೆಟ್ಟನ್ನು ತಾಳಬಲ್ಲವು. ಅವು ಉಳಿದು ಬ್ಯಾಕ್ಟೀರಿಯಾ ಇಳಿದಿದ್ದರೆ ದೀಪ ತನ್ನ ಕೆಲಸ ಮಾಡುತ್ತಿದೆ. ಗಾಳಿಯ ಬೂಷ್ಟಿಗೆ ಒಳ್ಳೆಯ ದರ್ಜೆಯ ಫಿಲ್ಟರೇ ಹೆಚ್ಚು ನೆಚ್ಚಬಹುದಾದ ಉಪಾಯ.

ಕಟ್ಟಡದಲ್ಲಿ ಲೀಜನೆಲ್ಲಾ ಎಂಬ, ಶ್ವಾಸಕೋಶಕ್ಕೆ ತಗಲುವ ಬ್ಯಾಕ್ಟೀರಿಯಾದ ಸೋಂಕಿನ ಅನುಮಾನ ಬಂದರೆ ಈ ಕೈಪಿಡಿಯನ್ನು ಮಡಚಿಡಿ. ಅದರ ನೆಲೆ ಕೂಲಿಂಗ್ ಟವರು, ಬಿಸಿನೀರಿನ ಕೊಳವೆಗಳಂಥ ನೀರಿನ ವ್ಯವಸ್ಥೆ. ಆರೋಗ್ಯ ಇಲಾಖೆಗೂ ಜಲಶುದ್ಧಿಯ ಪರಿಣತರಿಗೂ ತಡಮಾಡದೆ ತಿಳಿಸಬೇಕು.

ಕೆಲಸ ಮಾಡಿದವರ ಕಣ್ಣಿನಲ್ಲಿ ಮರಳು ಬಿದ್ದ ಹಾಗಿದೆ, ಮುಖ ಕೆಂಪಾಗಿದೆ

ಯುವಿ-ಸಿಯ ಪೆಟ್ಟು ಬಿದ್ದ ಹೊತ್ತಿಗೆ ತಿಳಿಯುವುದಿಲ್ಲ. ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ, ಎಂದರೆ ಹಗಲು ಕೆಲಸ ಮಾಡಿದವರಿಗೆ ರಾತ್ರಿ, ಕಣ್ಣುರಿ, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು ಶುರುವಾಗುತ್ತದೆ. ವೆಲ್ಡಿಂಗ್ ನೋಡಿದವರಿಗೆ ಆಗುವ ತೊಂದರೆಯೇ ಇದು. ಬಹುಪಾಲು ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ, ಆದರೂ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕಣ್ಣುಜ್ಜಬಾರದು, ಮನೆಯಲ್ಲಿದ್ದ ಯಾವುದೋ ಹನಿ ಹಾಕಿಕೊಳ್ಳಬಾರದು.

ಇಂಥ ಒಂದು ಪ್ರಕರಣ ಬಂದರೂ ಯುವಿ ಸರಬರಾಜನ್ನು ಕಡಿದಿಟ್ಟು ಕಾರಣ ಹುಡುಕಬೇಕು. ಬಾಗಿಲಿನ ಸ್ವಿಚ್ ಅಂಟಿಕೊಂಡಿದೆಯೇ, ಗ್ಯಾಸ್ಕೆಟ್ ಹರಿದ ಜಾಗದಿಂದ ನೀಲಿ ಗೆರೆ ಕಾಣುತ್ತದೆಯೇ, ಕೇಬಲ್ ಹಾದುಹೋಗಲು ಕೊರೆದ ತೂತನ್ನು ಮುಚ್ಚಿದ್ದಾರೆಯೇ ಎಂದು ನೋಡಿ. ಹೊಳಪು ಸಾಕ್ಷಿಯಲ್ಲ ಎಂದೆ. ಆದರೆ ತೆರೆದ ಸಂದಿಯಿಂದ ಹೊಳಪು ಹೊರಬಿದ್ದರೆ ಕಿರಣವೂ ಬೀಳುತ್ತಿದೆ ಎಂದೇ ತಿಳಿಯಬೇಕು. ದೀಪ ಉರಿಯುವಾಗ ಹತ್ತಿರ ಹೋಗಲೇಬೇಕಾದ ಪರಿಣತರಿಗೆ ಇಡೀ ಮುಖ ಮುಚ್ಚುವ ಪಾಲಿಕಾರ್ಬೊನೇಟ್ ಶೀಲ್ಡ್, ಉದ್ದ ತೋಳಿನ ದಟ್ಟ ಬಟ್ಟೆ, ಕೈಗವಸು ಇರಬೇಕು. ದಿನನಿತ್ಯದ ಕನ್ನಡಕದ ಬದಿಗಳಿಂದ ಕಿರಣ ನುಗ್ಗುವುದರಿಂದ ಅದನ್ನು ರಕ್ಷಣೆ ಎನ್ನುವಂತಿಲ್ಲ.

ದೀಪ ಒಡೆದಿದೆ

ಒಂದು ದೀಪದಲ್ಲಿರುವ ಪಾದರಸ ಕೆಲವೇ ಮಿಲಿಗ್ರಾಂ, ಆದರೆ ಅದರ ಆವಿಯನ್ನು ಬ್ಲೋವರ್ ಎಲ್ಲ ಕೋಣೆಗಳಿಗೂ ಹಂಚಿಬಿಡುತ್ತದೆ. ಮೊದಲು ಬ್ಲೋವರ್ ನಿಲ್ಲಿಸಿ, ಯುವಿ ಸರಬರಾಜು ಕಡಿದು, ಯಂತ್ರಕೋಣೆಯ ಹೊರಬಾಗಿಲು ಕಿಟಕಿಗಳನ್ನು ತೆರೆದು, ಕನಿಷ್ಠ ಹದಿನೈದು ನಿಮಿಷ ಎಲ್ಲರೂ ಹೊರಗಿರಬೇಕು. ಬಳಿಕ ಕೈಗವಸು ತೊಟ್ಟು, ಚೂರುಗಳನ್ನು ಗಟ್ಟಿ ರಟ್ಟಿನ ತುಂಡಿನಿಂದ ಕೂಡಿಸಿ, ಪುಡಿಯನ್ನು ಅಂಟು ಟೇಪಿನಿಂದ ಎತ್ತಿ, ಕೊನೆಗೆ ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳ ಬಿಗಿಯಾಗುವ ಗಾಜಿನ ಡಬ್ಬಿಯಲ್ಲಿ ಹಾಕಿ ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಬೇಕು. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಅದು ಪಾದರಸವನ್ನು ಆವಿಯಾಗಿ ಕೋಣೆಗೇ ಊದುತ್ತದೆ, ಪೊರಕೆಯೂ ಬೇಡ. ಚೂರುಗಳು ಡ್ರೇನ್ ಪ್ಯಾನಿನ ನೀರಿಗೆ ಬಿದ್ದಿದ್ದರೆ ಆ ನೀರನ್ನು ಚರಂಡಿಗೆ ಬಿಡದೆ ಡ್ರೇನ್ ಬಾಯಿಯನ್ನು ಮುಚ್ಚಿ, ಅಪಾಯಕಾರಿ ತ್ಯಾಜ್ಯ ನಿರ್ವಹಿಸುವವರು ಬರುವವರೆಗೆ ಪೆಟ್ಟಿಗೆಯನ್ನು ನಿಲ್ಲಿಸಿಯೇ ಇಡಬೇಕು.